ವಸ್ತುಪ್ರದರ್ಶನ ಮಳಿಗೆ: ಸಂದರ್ಶಕರನ್ನು ಆಕರ್ಷಿಸುವ ಹಾಗೂ ಗ್ರಾಹಕರನ್ನಾಗಿ ಉಳಿಸಿಕೊಳ್ಳುವ ಬಗೆ
(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಉತ್ಪಾದಕರಿಗೆ ಮಾಹಿತಿ)

1. ಪೀಠಿಕೆ

ಸಣ್ಣ ಉತ್ಪಾದಕರು, ಸ್ವಸಹಾಯ ಗುಂಪುಗಳು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಕುಶಲಕರ್ಮಿಗಳು ತಮ್ಮ ಉತ್ಪನ್ನಗಳನ್ನು ನೇರವಾಗಿ ಗ್ರಾಹಕರಿಗೆ ಪರಿಚಯಿಸಲು ವಸ್ತುಪ್ರದರ್ಶನ ಮತ್ತು ಮೇಳಗಳು ಉತ್ತಮ ಅವಕಾಶವಾಗಿವೆ. ಆದರೆ ಮಳಿಗೆ ಮಂಜೂರಾದ ಮಾತ್ರಕ್ಕೆ ವ್ಯಾಪಾರವಾಗುವುದಿಲ್ಲ. ಒಂದೇ ಸಾಲಿನಲ್ಲಿ ನೂರಾರು ಮಳಿಗೆಗಳಿರುವಲ್ಲಿ ಸಂದರ್ಶಕರು ಪ್ರತಿ ಮಳಿಗೆಯ ಮುಂದೆ ಕೆಲವೇ ಕ್ಷಣ ಕಣ್ಣು ಹಾಯಿಸಿ ಮುಂದೆ ಸಾಗುತ್ತಾರೆ. ಅವರನ್ನು ನಿಲ್ಲಿಸುವುದು, ಮಾತನಾಡಿಸುವುದು, ಮೇಳ ಮುಗಿದ ಮೇಲೂ ಅವರೊಡನೆ ಸಂಪರ್ಕ ಉಳಿಸಿಕೊಳ್ಳುವುದು ಈ ಮೂರೂ ಪೂರ್ವಸಿದ್ಧತೆಯಿಂದ ಮಾತ್ರ ಸಾಧ್ಯ.

ಸಿದ್ಧತೆಯಿಲ್ಲದೆ ಹೋದ ಗುಂಪು ವಾಹನದ ಬಾಡಿಗೆ, ಊಟ, ವಸತಿ ಹಾಗೂ ನಾಲ್ಕು ದಿನಗಳ ದುಡಿಮೆಯನ್ನು ಕಳೆದುಕೊಂಡು, ಮಾರಾಟವಾಗದ ಸರಕಿನೊಡನೆ ಊರಿಗೆ ಮರಳಬೇಕಾಗುತ್ತದೆ. ಸಾಲ ಪಡೆದು ಸರಕು ತಯಾರಿಸಿದ್ದಲ್ಲಿ ಆ ನಷ್ಟವು ಸದಸ್ಯರ ಮನೆಗಳ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲು ಮಳಿಗೆಗೆ ಅರ್ಜಿ ಸಲ್ಲಿಸುವ ಮುನ್ನ ಹಾಗೂ ನಂತರ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಈ ಮಾಹಿತಿ ಯಾರಿಗೆ ಉಪಯುಕ್ತ

- ಉದ್ಯಮ್ ನೋಂದಣಿ ಹೊಂದಿರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಮಾಲೀಕರು
- ಸಂಜೀವಿನಿ ಒಕ್ಕೂಟಗಳ ಮಹಿಳಾ ಸ್ವಸಹಾಯ ಗುಂಪುಗಳು
- ಸಿರಿಧಾನ್ಯ, ಶೇಂಗಾ, ತೆಂಗು ಹಾಗೂ ಅಡಿಕೆ ಹಾಳೆಯ ಉತ್ಪನ್ನಗಳನ್ನು ತಯಾರಿಸುವ ರೈತರು ಮತ್ತು ರೈತ ಉತ್ಪಾದಕ ಸಂಸ್ಥೆಗಳು
- ಕುಂಬಾರಿಕೆ, ಬುಟ್ಟಿ ಹೆಣಿಗೆ, ಕಂಬಳಿ ನೇಯ್ಗೆ, ಕೈಮಗ್ಗ ಮುಂತಾದ ಕಸುಬುಗಳ ಕುಶಲಕರ್ಮಿಗಳು

3. ಪ್ರದರ್ಶನದ ಆಯ್ಕೆ

ಎಲ್ಲ ಪ್ರದರ್ಶನಗಳೂ ಎಲ್ಲ ಉತ್ಪನ್ನಗಳಿಗೆ ತಕ್ಕುದಲ್ಲ. ಅರ್ಜಿ ಸಲ್ಲಿಸುವ ಮುನ್ನ ಅಲ್ಲಿಗೆ ಬರುವ ಜನರು ಯಾರು, ಯಾವ ಉದ್ದೇಶದಿಂದ ಬರುತ್ತಾರೆ ಎಂಬುದನ್ನು ತಿಳಿಯಬೇಕು.

(ಅ) ಜಾತ್ರೆ ಮತ್ತು ರಥೋತ್ಸವಗಳು: ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿ ರಥೋತ್ಸವ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಮುಂತಾದವುಗಳಿಗೆ ಅಪಾರ ಜನ ಸೇರುತ್ತಾರೆ. ಇಲ್ಲಿ ಕಡಿಮೆ ಬೆಲೆಯ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಸರಕು ಹೆಚ್ಚು ಮಾರಾಟವಾಗುತ್ತದೆ. ಸಗಟು ಖರೀದಿದಾರರು ದೊರೆಯುವುದು ವಿರಳ.

(ಆ) ಜಿಲ್ಲಾ ಮಟ್ಟದ ಪ್ರದರ್ಶನಗಳು: ಫಲಪುಷ್ಪ ಪ್ರದರ್ಶನ, ಕೃಷಿ ಮೇಳ ಹಾಗೂ ಸ್ವಸಹಾಯ ಗುಂಪುಗಳ ಮಾರಾಟ ಮೇಳಗಳು ಹೊಸ ಗುಂಪುಗಳಿಗೆ ಸೂಕ್ತ. ಸಾಗಣೆ ವೆಚ್ಚ ಕಡಿಮೆ. ಸಂಜೆ ಊರಿಗೆ ಹಿಂದಿರುಗಬಹುದು. ಆದ ತಪ್ಪುಗಳನ್ನು ಮರುದಿನವೇ ತಿದ್ದಿಕೊಳ್ಳಬಹುದು.

(ಇ) ರಾಜ್ಯ ಮಟ್ಟದ ಮೇಳಗಳು: ಬೆಂಗಳೂರಿನ ಅರಮನೆ ಮೈದಾನದಲ್ಲಿ 2017ರ ಏಪ್ರಿಲ್‌ನಲ್ಲಿ ಸಾವಯವ ಮತ್ತು ಸಿರಿಧಾನ್ಯ ಮೇಳ ನಡೆಯಿತು. ತದನಂತರ 2018, 2019, 2023, 2024 ಮತ್ತು 2025ರ ಜನವರಿ ತಿಂಗಳುಗಳಲ್ಲಿ ಇಂತಹ ಮೇಳಗಳು ಅಂತರರಾಷ್ಟ್ರೀಯ ಮಟ್ಟದಲ್ಲಿ ನಡೆದಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಮೇಳ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುತ್ತದೆ. ಇಂತಹ ಮೇಳಗಳಿಗೆ ಅಂಗಡಿ ಮಾಲೀಕರು, ಹೋಟೆಲಿನವರು ಹಾಗೂ ಸಗಟು ವ್ಯಾಪಾರಿಗಳೂ ಬರುತ್ತಾರೆ. ಮೈಸೂರು ದಸರಾ ವಸ್ತುಪ್ರದರ್ಶನವು ದಸರೆಯ ನಂತರವೂ ಹಲವು ವಾರ ಮುಂದುವರಿಯುವುದರಿಂದ, ಅಷ್ಟು ಕಾಲ ಮಳಿಗೆ ನೋಡಿಕೊಳ್ಳಲು ಜನರಿದ್ದವರು ಮಾತ್ರ ಅರ್ಜಿ ಸಲ್ಲಿಸುವುದು ಲೇಸು.

(ಈ) ರಾಷ್ಟ್ರ ಮಟ್ಟದ ಮೇಳಗಳು: ಗ್ರಾಮೀಣ ಸ್ವಸಹಾಯ ಗುಂಪುಗಳಿಗಾಗಿ ನಡೆಯುವ ಸರಸ್ ಮೇಳಗಳು ಹಾಗೂ ನವದೆಹಲಿಯ ಪ್ರಗತಿ ಮೈದಾನದಲ್ಲಿ ನವೆಂಬರ್ 14ರಿಂದ ನಡೆಯುವ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳ. ಎರಡು ಮೂರು ಜಿಲ್ಲಾ ಮೇಳಗಳ ಅನುಭವ ಪಡೆದ ನಂತರ ಇವುಗಳಲ್ಲಿ ಭಾಗವಹಿಸುವುದು ಒಳಿತು.

4. ವೆಚ್ಚ ಮತ್ತು ಆದಾಯದ ಲೆಕ್ಕ

ಪ್ರದರ್ಶನಕ್ಕೆ ಹೊರಡುವ ಮುನ್ನ ಗುಂಪಿನ ಸಭೆಯಲ್ಲಿ ಲೆಕ್ಕ ಹಾಕತಕ್ಕದ್ದು. ಹೊಸದುರ್ಗ ತಾಲ್ಲೂಕಿನ ಒಂದು ಗುಂಪು ಸಾವೆ ಅಕ್ಕಿ ಮತ್ತು ನವಣೆ ಅಕ್ಕಿಯನ್ನು ಬೆಂಗಳೂರಿನ 3 ದಿನಗಳ ಮೇಳಕ್ಕೆ ಒಯ್ಯುವುದೆಂದು ಭಾವಿಸಿ, ಲೆಕ್ಕದ ಕ್ರಮವನ್ನು ತೋರಿಸುವ ಸಲುವಾಗಿ ಮಾತ್ರ ಈ ಕೆಳಗಿನ ಉದಾಹರಣೆಯನ್ನು ನೀಡಲಾಗಿದೆ. ವಾಸ್ತವ ದರಗಳು ಬೇರೆಯಾಗಿರುತ್ತವೆ.

- ವಾಹನ ಬಾಡಿಗೆ (ಹೋಗಿ ಬರಲು): ರೂ. 9,000
- ಮೂವರ ಊಟ ಮತ್ತು ವಸತಿ: ರೂ. 5,400
- ಮೂವರ 4 ದಿನಗಳ ದುಡಿಮೆ, ದಿನಕ್ಕೆ ರೂ. 400ರಂತೆ: ರೂ. 4,800
- ನಾಮಫಲಕ, ಚೀಟಿ, ಕರಪತ್ರ: ರೂ. 2,600
- ರುಚಿ ತೋರಿಸಲು ಸಾಮಗ್ರಿ: ರೂ. 1,500
- ಇತರೆ: ರೂ. 700
- ಒಟ್ಟು: ರೂ. 24,000

ಮಳಿಗೆ ಬಾಡಿಗೆ ಇಲ್ಲವೆಂದೇ ಇಟ್ಟುಕೊಂಡರೂ, ಪ್ರತಿ ಕೆ.ಜಿ.ಗೆ ರೂ. 40 ಉಳಿತಾಯವಿದ್ದಲ್ಲಿ ವೆಚ್ಚ ಸರಿದೂಗಿಸಲು 600 ಕೆ.ಜಿ. ಮಾರಾಟವಾಗಬೇಕು. ಅಂದರೆ ದಿನಕ್ಕೆ 200 ಕೆ.ಜಿ.; 8 ಗಂಟೆಗಳ ವ್ಯಾಪಾರದಲ್ಲಿ ಗಂಟೆಗೆ 25 ಪೊಟ್ಟಣ. ಒಂದೊಂದು ಕೆ.ಜಿ.ಯ ಚಿಲ್ಲರೆ ಮಾರಾಟದಿಂದಲೇ ಇದನ್ನು ಸಾಧಿಸುವುದು ಹೊಸ ಗುಂಪಿಗೆ ಕಷ್ಟ.

ಆದರೆ ಅದೇ ಮೇಳದಲ್ಲಿ ಪರಿಚಯವಾದ ಒಂದು ಅಂಗಡಿಯು ತಿಂಗಳಿಗೆ 50 ಕೆ.ಜಿ.ಯಂತೆ ವರ್ಷವಿಡೀ ಖರೀದಿಸಿದರೆ ಅದೂ 600 ಕೆ.ಜಿ.ಯೇ ಆಗುತ್ತದೆ. ಆದುದರಿಂದ ಪ್ರದರ್ಶನದ ಲಾಭವನ್ನು ಆ ಮೂರು ದಿನಗಳ ಗಲ್ಲಾಪೆಟ್ಟಿಗೆಯಿಂದ ಮಾತ್ರ ಅಳೆಯತಕ್ಕದ್ದಲ್ಲ. ಮಳಿಗೆಯಲ್ಲಿ ದಾಖಲಾದ ಖರೀದಿದಾರರ ವಿಳಾಸಗಳಿಗೂ ಗಲ್ಲಾಪೆಟ್ಟಿಗೆಯಷ್ಟೇ ಬೆಲೆಯಿದೆ. ಮುಂದಿನ ಎಲ್ಲ ಸಲಹೆಗಳಿಗೂ ಈ ಅಂಶವೇ ಆಧಾರ.

5. ಅರ್ಜಿ ಮತ್ತು ದಾಖಲೆಗಳು

ಸೂಕ್ಷ್ಮ ಮತ್ತು ಸಣ್ಣ ಘಟಕಗಳು ಹಾಗೂ ಕುಶಲಕರ್ಮಿಗಳು ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು, ಸ್ವಸಹಾಯ ಗುಂಪುಗಳು ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ಘಟಕವನ್ನು, ರೈತರು ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದು. ಸಾಮಾನ್ಯವಾಗಿ ಕೇಳಲಾಗುವ ದಾಖಲೆಗಳು ಈ ಕೆಳಕಂಡಂತಿವೆ.

- ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ
- ಉದ್ಯಮ್ ನೋಂದಣಿ ಪ್ರಮಾಣಪತ್ರ (2020ರ ಜುಲೈ 1ರಿಂದ ಈ ಪದ್ಧತಿ ಜಾರಿಗೆ ಬಂದಿದೆ)
- ಗುಂಪುಗಳಾದಲ್ಲಿ, ಭಾಗವಹಿಸುವ ಸದಸ್ಯರನ್ನು ಸೂಚಿಸುವ ಸಭಾ ನಡಾವಳಿಯ ಪ್ರತಿ
- ಆಹಾರ ಪದಾರ್ಥಗಳಿಗೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ
- ಕರಕುಶಲಕರ್ಮಿ ಅಥವಾ ನೇಕಾರರ ಗುರುತಿನ ಚೀಟಿ
- ಉತ್ಪನ್ನಗಳ ಸ್ಪಷ್ಟ ಛಾಯಾಚಿತ್ರಗಳು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ಕುಂಬಾರರು, ಬುಟ್ಟಿ, ಚಾಪೆ ಮತ್ತು ಪೊರಕೆ ತಯಾರಕರು ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ಇದರಲ್ಲಿ ಮಾರುಕಟ್ಟೆ ಬೆಂಬಲವೂ ಸೇರಿದೆ. ಮಳಿಗೆ ಬಾಡಿಗೆಯ ಸಹಾಯಧನ ಕೋರುವವರು ಯೋಜನೆಯ ಅವಧಿ, ತಮ್ಮ ವರ್ಗಕ್ಕೆ ದೊರೆಯುವ ಪ್ರಮಾಣ ಹಾಗೂ ಪೂರ್ವಾನುಮೋದನೆಯ ಅಗತ್ಯವನ್ನು ಹಣ ಪಾವತಿಸುವ ಮುನ್ನವೇ ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಎಲ್ಲ ವೆಚ್ಚಗಳ ಮೂಲ ರಸೀದಿಗಳನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

6. ಮಳಿಗೆಯ ವಿನ್ಯಾಸ

ದೊಡ್ಡ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಮಳಿಗೆಯನ್ನೂ, ಜಿಲ್ಲಾ ಮೇಳಗಳಲ್ಲಿ ಸುಮಾರು 10 ಅಡಿ ಚೌಕದ ಶಾಮಿಯಾನ ಮಳಿಗೆಯನ್ನೂ ನೀಡಲಾಗುತ್ತದೆ. ಈ ಕಿರಿದಾದ ಜಾಗದ ಬಳಕೆಯಲ್ಲಿ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

(1) ಮುಂಭಾಗವನ್ನು ಮೇಜಿನಿಂದ ಪೂರ್ತಿ ಮುಚ್ಚಬಾರದು. ಅಡ್ಡಲಾಗಿ ಹಾಕಿದ ಮೇಜು ಬೇಲಿಯಂತೆ ಕಾಣುತ್ತದೆ. ಮೇಜನ್ನು ಒಂದು ಪಕ್ಕಕ್ಕೆ ಹಾಕಿ, ಇಬ್ಬರು ಒಳಬಂದು ನಿಲ್ಲುವಷ್ಟು ಜಾಗ ಬಿಡಬೇಕು.

(2) ಸರಕನ್ನು ಮೇಜಿನ ಮೇಲೆ ಹರಡುವುದಕ್ಕಿಂತ ದಸರಾ ಗೊಂಬೆಗಳನ್ನು ಕೂರಿಸುವ ರೀತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವುದು ಉತ್ತಮ. ಮುಖ್ಯ ಉತ್ಪನ್ನವು ನಿಂತವರ ಕಣ್ಣಿನ ಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 4ರಿಂದ 5 ಅಡಿ ಎತ್ತರದಲ್ಲಿ ಇರಬೇಕು.

(3) ಒಂದೇ ಉತ್ಪನ್ನಕ್ಕೆ ಪ್ರಾಧಾನ್ಯ ನೀಡಬೇಕು. ಉಪ್ಪಿನಕಾಯಿ, ಹಪ್ಪಳ, ಊದುಬತ್ತಿ, ಸೀರೆ ಎಲ್ಲವನ್ನೂ ಒಟ್ಟಿಗೆ ಇಟ್ಟಲ್ಲಿ ಮಳಿಗೆ ಯಾವುದಕ್ಕಾಗಿ ಇದೆಯೆಂಬುದು ದೂರದಿಂದ ತಿಳಿಯುವುದಿಲ್ಲ.

(4) ನಾಮಫಲಕದ ಅಕ್ಷರಗಳು ದೂರಕ್ಕೆ ಕಾಣುವಂತಿರಬೇಕು. 10 ಅಡಿ ದೂರದಿಂದ ಸುಲಭವಾಗಿ ಓದಲು 1 ಅಂಗುಲ ಎತ್ತರದ ಅಕ್ಷರ, 30 ಅಡಿಗೆ 3 ಅಂಗುಲದ ಅಕ್ಷರ ಎಂಬುದು ಸಾಮಾನ್ಯ ಲೆಕ್ಕ. ಗುಂಪಿನ ಹೆಸರಿಗಿಂತ ಉತ್ಪನ್ನ ಮತ್ತು ಊರಿನ ಹೆಸರು ದೊಡ್ಡದಾಗಿರಲಿ. "ಹೊಸದುರ್ಗದ ಸಾವೆ ಅಕ್ಕಿ" ಎಂಬ ಮೂರು ಪದಗಳು ಉದ್ದನೆಯ ಸಂಘದ ಹೆಸರಿಗಿಂತ ಬೇಗ ಗಮನ ಸೆಳೆಯುತ್ತವೆ.

(5) 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟ ಮತ್ತು ಚಮಚಗಳನ್ನು ನಿಷೇಧಿಸಲಾಗಿದೆ. ಬಟ್ಟೆಯ ಮೇಲೆ ಬರೆಯಿಸಿದ ಫಲಕವನ್ನು ಮಡಚಿಟ್ಟು ಮುಂದಿನ ಮೇಳಕ್ಕೂ ಬಳಸಬಹುದು. ಆದುದರಿಂದ ಫಲಕದಲ್ಲಿ ದಿನಾಂಕ ಮತ್ತು ಮಳಿಗೆ ಸಂಖ್ಯೆಯನ್ನು ಬರೆಯಿಸದಿರುವುದು ಒಳಿತು.

(6) ಸಂಜೆ ಆರರ ನಂತರ ಕುಟುಂಬಗಳು ಹೆಚ್ಚಾಗಿ ಬರುವ ಮೇಳಗಳಲ್ಲಿ ಬೆಳಕು ಮುಖ್ಯ. ದೀಪವು ಸಂದರ್ಶಕರ ಕಣ್ಣಿಗಲ್ಲದೆ ಸರಕಿನ ಮೇಲೆ ಬೀಳುವಂತೆ ತಿರುಗಿಸಿಡಬೇಕು. ವಿದ್ಯುತ್ ಉಪಕರಣ ಅಥವಾ ಒಲೆ ಬಳಸುವವರು ಸಂಘಟಕರ ಅನುಮತಿಯನ್ನು ಮುಂಚಿತವಾಗಿ ಪಡೆಯತಕ್ಕದ್ದು.

7. ತಾಲ್ಲೂಕಿನ ಉತ್ಪನ್ನಗಳು ಮತ್ತು ಪ್ರಾತ್ಯಕ್ಷಿಕೆ

ಕಟ್ಟಿಟ್ಟ ಪೊಟ್ಟಣಗಳ ಮುಂದೆ ಜನ ನಿಲ್ಲುವುದು ಕಡಿಮೆ. ಕೆಲಸ ನಡೆಯುತ್ತಿರುವ ಕಡೆ, ಪರಿಮಳ ಬರುವ ಕಡೆ, ಮುಟ್ಟಿ ನೋಡಲು ಸಿಗುವ ಕಡೆ ತಾವಾಗಿಯೇ ನಿಲ್ಲುತ್ತಾರೆ. ಆದುದರಿಂದ ಪ್ರತಿ ಮಳಿಗೆಯಲ್ಲೂ ಒಂದು ಪ್ರಾತ್ಯಕ್ಷಿಕೆ ಇರಬೇಕು.

ಹೊಸದುರ್ಗ – ಸಾವೆ ಮತ್ತು ನವಣೆ: ನಗರದ ಅನೇಕ ಸಂದರ್ಶಕರು ಸಾವೆಯ ತೆನೆಯನ್ನೇ ನೋಡಿರುವುದಿಲ್ಲ. ಒಂದು ಮೊರದಲ್ಲಿ ತೆನೆ, ಎರಡನೆಯದರಲ್ಲಿ ಸಿಪ್ಪೆ ಸಹಿತ ಕಾಳು, ಮೂರನೆಯದರಲ್ಲಿ ಸಿಪ್ಪೆ ತೆಗೆದ ಅಕ್ಕಿ, ನಾಲ್ಕನೆಯದರಲ್ಲಿ ಬೇಯಿಸಿದ ಅನ್ನ ಇವುಗಳನ್ನು ಸಾಲಾಗಿ ಇಡಬಹುದು. ಕಾಳಿನ ಸಿಪ್ಪೆ ತೆಗೆದಾಗ ತೂಕ ಗಣನೀಯವಾಗಿ ಇಳಿಯುತ್ತದೆಂಬುದು ಇದರಿಂದ ಕಣ್ಣಿಗೆ ಕಾಣುತ್ತದೆ. ಬೆಲೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಅದೇ ಉತ್ತರ. ಒಂದು ಅಳತೆ ಸಾವೆ ಅಕ್ಕಿಗೆ ಎರಡರಿಂದ ಎರಡೂವರೆ ಅಳತೆ ನೀರು ಎಂಬ ವಿವರವುಳ್ಳ ಅಡುಗೆ ಚೀಟಿಯನ್ನು ಪ್ರತಿ ಪೊಟ್ಟಣದೊಡನೆ ನೀಡಬೇಕು. ಅನ್ನ ಮುದ್ದೆಯಾದಲ್ಲಿ ಆ ಗ್ರಾಹಕರು ಮತ್ತೆ ಕೊಳ್ಳುವುದಿಲ್ಲ. ಸಿಪ್ಪೆ ತೆಗೆದ ಕಾಳು ಬಹುಕಾಲ ಇಟ್ಟರೆ ಕಮಟು ವಾಸನೆ ಬರುವುದರಿಂದ, ಮೇಳಕ್ಕೆ ಕೆಲವೇ ದಿನ ಮೊದಲು ಅಕ್ಕಿ ಮಾಡಿಸಿ ತರುವುದು ಅಗತ್ಯ.

ಚಿತ್ರದುರ್ಗ ಮತ್ತು ಹಿರಿಯೂರು – ಶೇಂಗಾ: 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಡಿ 'ಒಂದು ಜಿಲ್ಲೆ ಒಂದು ಉತ್ಪನ್ನ' ಎಂಬಂತೆ ಚಿತ್ರದುರ್ಗ ಜಿಲ್ಲೆಗೆ ಶೇಂಗಾ ಗುರುತಿಸಲ್ಪಟ್ಟಿತು. ಗಾಣದ ಎಣ್ಣೆ ಮಾರುವವರು ಒಂದು ಲೀಟರ್ ಎಣ್ಣೆಯ ಬಾಟಲಿಯ ಪಕ್ಕದಲ್ಲಿ ಅದಕ್ಕೆ ಬೇಕಾದ ಸುಮಾರು ಎರಡೂವರೆ ಕೆ.ಜಿ. ಶೇಂಗಾ ಬೀಜವನ್ನು ರಾಶಿ ಹಾಕಿಡಬಹುದು. ಅಂಗಡಿಯ ಎಣ್ಣೆಗಿಂತ ದರ ಏಕೆ ಹೆಚ್ಚು ಎಂಬುದನ್ನು ಬಾಯಿಮಾತಿಗಿಂತ ಆ ರಾಶಿಯೇ ಚೆನ್ನಾಗಿ ತಿಳಿಸುತ್ತದೆ. ಚಿಕ್ಕಿ, ಶೇಂಗಾ ಚಟ್ನಿಪುಡಿ ಮಾರುವವರು ಅನುಮತಿ ಇದ್ದಲ್ಲಿ ಸ್ಥಳದಲ್ಲೇ ಸ್ವಲ್ಪ ಸ್ವಲ್ಪವಾಗಿ ಶೇಂಗಾ ಹುರಿಯಬೇಕು. ಹುರಿದ ಪರಿಮಳ ಫಲಕಕ್ಕಿಂತ ದೂರ ಹೋಗುತ್ತದೆ. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕೈಗೆ ನಾಲ್ಕು ಕಾಯಿ ಕೊಟ್ಟು ತಿಂದು ನೋಡಿ ಎನ್ನುವ ರೂಢಿಯನ್ನು ಇಲ್ಲಿ ನೆನೆಯಬಹುದು.

ಹಿರಿಯೂರು ಮತ್ತು ಹೊಸದುರ್ಗ – ತೆಂಗು: ಕೊಬ್ಬರಿ, ಕೊಬ್ಬರಿ ಎಣ್ಣೆ, ನಾರಿನ ಹಗ್ಗ ಮತ್ತು ಕಾಲೊರಸುಗಳಿಗೆ ತಯಾರಿಕೆಯೇ ಪ್ರಾತ್ಯಕ್ಷಿಕೆ. ಹಗ್ಗ ಹೊಸೆಯುವ ಕೈಗಳ ಮುಂದೆ ಮಕ್ಕಳು ನಿಲ್ಲುತ್ತಾರೆ. ಮಕ್ಕಳು ನಿಂತಲ್ಲಿ ತಂದೆ ತಾಯಿಯರೂ ನಿಲ್ಲುತ್ತಾರೆ. ಹಿರಿಯೂರು ತಾಲ್ಲೂಕಿನವರು ವಾಣಿವಿಲಾಸ ಸಾಗರದ ಒಂದು ಚಿತ್ರವನ್ನು ಹಿಂಬದಿಗೆ ಹಾಕಿದಲ್ಲಿ, ತೆಂಗು ಬೆಳೆದ ನೆಲದ ಪರಿಚಯ ತಾನಾಗಿ ಆಗುತ್ತದೆ. 1907ರಲ್ಲಿ ಪೂರ್ಣಗೊಂಡ ಈ ಜಲಾಶಯವು 1933ರಲ್ಲಿ ಕೋಡಿ ಬಿದ್ದು, ಬಹುಕಾಲದ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದ ಸಂಗತಿ ನಾಡಿನ ಅನೇಕರಿಗೆ ನೆನಪಿರುವುದರಿಂದ ಮಾತು ಬೆಳೆಯಲು ಅನುಕೂಲ.

ಹೊಳಲ್ಕೆರೆ – ಅಡಿಕೆ ಹಾಳೆ ತಟ್ಟೆ: ತಟ್ಟೆಗಳನ್ನು ಬರಿದೆ ಪೇರಿಸಿಡದೆ, ಒಂದರಲ್ಲಿ ಬಿಸಿ ಸಾರು ಹಾಕಿಟ್ಟು ಸೋರುವುದಿಲ್ಲವೆಂಬುದನ್ನು ತೋರಿಸಬೇಕು. ಮರದಿಂದ ತಾನಾಗಿ ಉದುರಿದ ಇಡೀ ಹಾಳೆಯೊಂದನ್ನು ಪಕ್ಕದಲ್ಲಿಡಬೇಕು. ರಫ್ತು ಮಾಡಬಯಸುವ ಖರೀದಿದಾರರೊಡನೆ ಮಾತನಾಡುವವರು, 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಆಹಾರ ಬಡಿಸಲು ಬಳಸುವ ಅಡಿಕೆ ಹಾಳೆಯ ತಟ್ಟೆಗಳ ಬಗ್ಗೆ ಎಚ್ಚರಿಕೆ ನೀಡಿರುವುದನ್ನು ತಿಳಿದಿರಬೇಕು. ಪ್ರಶ್ನೆ ಬಂದಲ್ಲಿ ವಿಷಯವನ್ನು ಮರೆಮಾಚದೆ, ಖರೀದಿಗೆ ಮುನ್ನ ಆಯಾ ದೇಶದ ನಿಯಮಗಳನ್ನು ಪರಿಶೀಲಿಸಿಕೊಳ್ಳುವಂತೆ ತಿಳಿಸುವುದು ಸರಿಯಾದ ಕ್ರಮ.

ಸಿರಿಧಾನ್ಯ ಮತ್ತು ತೋಟದ ಬೆಳೆಗಳ ಬಗ್ಗೆ ತಾಂತ್ರಿಕ ಮಾಹಿತಿ ಬೇಕಾದವರು ಹಿರಿಯೂರು ತಾಲ್ಲೂಕಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

8. ಸಂದರ್ಶಕರೊಡನೆ ವ್ಯವಹಾರ

- ಮಳಿಗೆಯಲ್ಲಿ ಒಂದು ವೇಳೆಗೆ ಇಬ್ಬರು ಇರಬೇಕು. ಒಬ್ಬರು ಮಾತನಾಡಲು, ಮತ್ತೊಬ್ಬರು ತೂಕ ಮತ್ತು ಹಣದ ಕೆಲಸಕ್ಕೆ. ಮೂವರಿದ್ದಲ್ಲಿ ಎರಡು ಮೂರು ಗಂಟೆಗೊಮ್ಮೆ ಸರದಿ ಬದಲಾಯಿಸಬೇಕು.
- ಮಾತನಾಡುವವರು ನಿಂತಿರಬೇಕು. ಮೊಬೈಲ್ ನೋಡುತ್ತ ಕುಳಿತವರನ್ನು ಎಬ್ಬಿಸಿ ಕೇಳಲು ಸಂದರ್ಶಕರು ಸಂಕೋಚಪಡುತ್ತಾರೆ. ಊಟವನ್ನು ಮಳಿಗೆಯೊಳಗೆ ಮಾಡಬಾರದು.
- "ಏನು ಬೇಕು?" ಎಂದು ಕೇಳಿದಲ್ಲಿ "ಸುಮ್ಮನೆ ನೋಡ್ತಿದ್ದೀವಿ" ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು "ಬನ್ನಿ ಅಕ್ಕ, ಸಾವೆ ಅನ್ನ ಉಂಡಿದ್ದೀರಾ? ಒಂದು ತುತ್ತು ರುಚಿ ನೋಡಿ" ಎಂದಲ್ಲಿ ಮಾತು ಮುಂದುವರಿಯುತ್ತದೆ. ಹಿರಿಯರು ಬಂದಲ್ಲಿ "ಯಜಮಾನ್ರೇ, ನಿಮ್ಮ ಕಾಲದಲ್ಲಿ ನವಣೆ ಹೇಗೆ ಮಾಡ್ತಿದ್ರು?" ಎಂದು ಕೇಳಿದಲ್ಲಿ ಅವರೇ ಸುತ್ತಲಿನವರಿಗೆ ವಿವರಿಸತೊಡಗುತ್ತಾರೆ.
- ರುಚಿ ತೋರಿಸುವ ಪದಾರ್ಥವನ್ನು ಮುಚ್ಚಿಟ್ಟು, ಸ್ವಚ್ಛ ಚಮಚದಿಂದ ಮುತ್ತುಗದ ಎಲೆಯ ಸಣ್ಣ ದೊನ್ನೆಯಲ್ಲಿ ನೀಡಬೇಕು. ಎಸೆಯಲು ಬುಟ್ಟಿ ಹತ್ತಿರದಲ್ಲೇ ಇರಬೇಕು.
- ಕೊಳ್ಳದವರನ್ನು ಒತ್ತಾಯಪಡಿಸಬಾರದು. ಅಡುಗೆ ಚೀಟಿ ಕೊಟ್ಟು ನಗುಮುಖದಿಂದ ಕಳುಹಿಸಬೇಕು. ಮೇಳ ಸುತ್ತಿ ಮರಳಿ ಬಂದು ಕೊಳ್ಳುವವರೂ ಇರುತ್ತಾರೆ.
- ಪಕ್ಕದ ಮಳಿಗೆಯ ಸರಕನ್ನು ಹಳಿಯಬಾರದು.

9. ದರ, ತೂಕ ಮತ್ತು ಪಾವತಿ

ಪ್ರತಿ ಉತ್ಪನ್ನದ ಮುಂದೆ ದರವನ್ನು ದೊಡ್ಡದಾಗಿ ಬರೆಯತಕ್ಕದ್ದು. ದರ ಕಾಣದಲ್ಲಿ ಅನೇಕರು ಕೇಳದೆಯೇ ಹೊರಟುಹೋಗುತ್ತಾರೆ. ಮೊದಲ ಬಾರಿಗೆ ಕೊಳ್ಳುವವರಿಗಾಗಿ ಅರ್ಧ ಕೆ.ಜಿ. ಪೊಟ್ಟಣಗಳು ಸಾಕಷ್ಟು ಇರಲಿ. ಬಸ್ಸಿನಲ್ಲಿ ಬಂದವರು ಐದು ಕೆ.ಜಿ. ಚೀಲ ಹೊತ್ತು ಮೇಳ ಸುತ್ತಲು ಇಷ್ಟಪಡುವುದಿಲ್ಲ.

ತಕ್ಕಡಿಯು ಕಾನೂನು ಮಾಪನಶಾಸ್ತ್ರ ಇಲಾಖೆಯ ಚಾಲ್ತಿ ಮುದ್ರೆ ಹೊಂದಿರತಕ್ಕದ್ದು ಹಾಗೂ ತೂಕ ಗ್ರಾಹಕರಿಗೆ ಕಾಣುವಂತೆ ಇಡತಕ್ಕದ್ದು.

ಯುಪಿಐ ಕ್ಯೂಆರ್ ಫಲಕವು ಗುಂಪಿನ ಬ್ಯಾಂಕ್ ಖಾತೆಗೆ ಸೇರಿದ್ದಾಗಿರಬೇಕು. ಒಬ್ಬ ಸದಸ್ಯರ ವೈಯಕ್ತಿಕ ಖಾತೆಗೆ ಹಣ ಹೋದಲ್ಲಿ ಲೆಕ್ಕ ಹಂಚುವಾಗ ಮನಸ್ತಾಪಕ್ಕೆ ಎಡೆಯಾಗುತ್ತದೆ. ಜನದಟ್ಟಣೆಯಲ್ಲಿ ನೆಟ್‌ವರ್ಕ್ ನಿಧಾನವಾಗುವುದರಿಂದ ಚಿಲ್ಲರೆ ಹಣವನ್ನೂ ರಸೀದಿ ಪುಸ್ತಕವನ್ನೂ ಇಟ್ಟುಕೊಂಡಿರಬೇಕು. ಪ್ರತಿದಿನ ರಾತ್ರಿ ಮಾರಾಟ, ಉಳಿಕೆ ಸರಕು ಮತ್ತು ನಗದನ್ನು ಇಬ್ಬರು ಸದಸ್ಯರು ಸೇರಿ ತಾಳೆ ನೋಡಿ ಸಹಿ ಹಾಕತಕ್ಕದ್ದು.

10. ಸಂದರ್ಶಕರ ಪುಸ್ತಕ

ಮಳಿಗೆಯ ಅತ್ಯಂತ ಮುಖ್ಯ ವಸ್ತು ಒಂದು ಗೆರೆ ಹಾಕಿದ ನೋಟ್ ಪುಸ್ತಕ. "ಅಭಿಪ್ರಾಯ ಬರೆಯಿರಿ" ಎಂದು ಇಟ್ಟ ಪುಸ್ತಕದಲ್ಲಿ "ಚೆನ್ನಾಗಿದೆ" ಎಂಬುದಷ್ಟೇ ತುಂಬಿಕೊಳ್ಳುತ್ತದೆ. ಅದರಿಂದ ವ್ಯಾಪಾರಕ್ಕೆ ಪ್ರಯೋಜನವಿಲ್ಲ. ಪುಸ್ತಕದಲ್ಲಿ ಈ ಕೆಳಗಿನ ಅಂಕಣಗಳಿರಬೇಕು.

(1) ದಿನಾಂಕ (2) ಹೆಸರು ಮತ್ತು ಊರು (3) ದೂರವಾಣಿ ಸಂಖ್ಯೆ (4) ಮನೆ ಬಳಕೆಯೋ, ಅಂಗಡಿಯೋ, ಹೋಟೆಲೋ (5) ಕೇಳಿದ ಉತ್ಪನ್ನ ಮತ್ತು ಪ್ರಮಾಣ (6) ಕೊಟ್ಟ ಮಾತು: ಮಾದರಿ ಕಳುಹಿಸುವುದು, ದರಪಟ್ಟಿ ಕಳುಹಿಸುವುದು ಇತ್ಯಾದಿ

ಸಂದರ್ಶಕರ ಒಪ್ಪಿಗೆ ಪಡೆದೇ ಸಂಖ್ಯೆ ಬರೆದುಕೊಳ್ಳತಕ್ಕದ್ದು. ಅದನ್ನು ಇತರರಿಗೆ ಹಂಚತಕ್ಕದ್ದಲ್ಲ. ಸಗಟು ಖರೀದಿದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ತಿಂಗಳಿಗೆ ಎಷ್ಟು ಕೊಡಬಲ್ಲಿರಿ, ವರ್ಷವಿಡೀ ಕೊಡಬಲ್ಲಿರಾ, ನಮ್ಮ ಊರಿಗೆ ತಲುಪಿಸಿದರೆ ಏನು ದರ. ಇವುಗಳಿಗೆ ಗುಂಪಿನ ಸಭೆಯಲ್ಲಿ ಮೊದಲೇ ಉತ್ತರ ನಿರ್ಧರಿಸಿಕೊಂಡು ಹೋಗತಕ್ಕದ್ದು. ಸಾಮರ್ಥ್ಯಕ್ಕೆ ಮೀರಿ ಒಪ್ಪಿಕೊಂಡು ಕೊಡಲಾಗದಿದ್ದಲ್ಲಿ ಆ ಖರೀದಿದಾರರು ಮಾತ್ರವಲ್ಲ, ಅವರ ಪರಿಚಿತರೂ ಕೈತಪ್ಪುತ್ತಾರೆ.

11. ಪಾಲಿಸಬೇಕಾದ ನಿಯಮಗಳು

(ಅ) ಪೊಟ್ಟಣದ ಮೇಲಿನ ವಿವರ: ಪೊಟ್ಟಣ ಕಟ್ಟಿದ ಸರಕುಗಳ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳಂತೆ ತಯಾರಕರ ಹೆಸರು ಮತ್ತು ವಿಳಾಸ, ಪದಾರ್ಥದ ಹೆಸರು, ನಿವ್ವಳ ತೂಕ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರತಕ್ಕದ್ದು. ಆಹಾರ ಪದಾರ್ಥಗಳ ಮೇಲೆ 14 ಅಂಕಿಗಳ ಆಹಾರ ಸುರಕ್ಷತಾ ಸಂಖ್ಯೆಯನ್ನೂ ಮುದ್ರಿಸತಕ್ಕದ್ದು.

(ಆ) ಆರೋಗ್ಯದ ಬಗ್ಗೆ ಹೇಳಿಕೆ: ಸಿರಿಧಾನ್ಯ ತಿಂದಲ್ಲಿ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಮುಂತಾದ ಮಾತುಗಳನ್ನು ಫಲಕದಲ್ಲಾಗಲಿ, ಕರಪತ್ರದಲ್ಲಾಗಲಿ ಬರೆಯತಕ್ಕದ್ದಲ್ಲ, ಬಾಯಿಂದಲೂ ಹೇಳತಕ್ಕದ್ದಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಅಂತಹ ಮಾತನ್ನು ನಂಬಿ ಯಾರಾದರೂ ವೈದ್ಯರು ಕೊಟ್ಟ ಔಷಧ ನಿಲ್ಲಿಸಿದಲ್ಲಿ ಆಗುವ ಅಪಾಯ ದಂಡಕ್ಕಿಂತ ದೊಡ್ಡದು.

(ಇ) 'ಸಾವಯವ' ಎಂಬ ಪದ: ಪ್ರಮಾಣೀಕರಣ ಪಡೆದವರು ಮಾತ್ರ ಪೊಟ್ಟಣದ ಮೇಲೆ ಈ ಪದವನ್ನು ಬಳಸುವುದು ಕ್ಷೇಮ. ಪ್ರಮಾಣಪತ್ರದ ಪ್ರತಿಯನ್ನು ಮಳಿಗೆಯಲ್ಲಿ ಕಾಣುವಂತೆ ತೂಗುಹಾಕಬೇಕು.

(ಈ) ಹೊರರಾಜ್ಯದ ಮೇಳಗಳು: ಬೇರೆ ರಾಜ್ಯದಲ್ಲಿ ತಾತ್ಕಾಲಿಕವಾಗಿ ತೆರಿಗೆಗೆ ಒಳಪಡುವ ಸರಕು ಮಾರುವವರು ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯಡಿ ಸಾಂದರ್ಭಿಕ ತೆರಿಗೆದಾರರಾಗಿ ನೋಂದಾಯಿಸಿಕೊಳ್ಳಬೇಕಾಗಬಹುದು. ವ್ಯಾಪಾರ ಆರಂಭಕ್ಕೆ ಕನಿಷ್ಠ 5 ದಿನ ಮೊದಲು ಅರ್ಜಿ ಸಲ್ಲಿಸಬೇಕು. ನೋಂದಣಿಯ ಅವಧಿ 90 ದಿನಗಳನ್ನು ಮೀರುವುದಿಲ್ಲ, ಆದರೆ ವಿಸ್ತರಣೆಗೆ ಅವಕಾಶವಿದೆ. ನಿಗದಿತ ಮಿತಿಯೊಳಗಿನ ಕರಕುಶಲ ವಸ್ತುಗಳ ಮಾರಾಟಗಾರರಿಗೆ ವಿನಾಯಿತಿ ಇದೆ.

12. ಪ್ರದರ್ಶನದ ನಂತರ

ಊರಿಗೆ ಮರಳಿದ 3 ದಿನಗಳೊಳಗೆ ಪುಸ್ತಕದಲ್ಲಿ ಬರೆದುಕೊಂಡ ಅಂಗಡಿ ಮತ್ತು ಹೋಟೆಲಿನವರಿಗೆ ದೂರವಾಣಿ ಕರೆ ಮಾಡಿ, ಮೇಳದಲ್ಲಿ ಭೇಟಿಯಾದುದನ್ನು ನೆನಪಿಸಬೇಕು. ಒಂದು ವಾರದೊಳಗೆ ಮಾದರಿ ಮತ್ತು ದರಪಟ್ಟಿ ಕಳುಹಿಸಬೇಕು. ಒಬ್ಬ ಸದಸ್ಯರನ್ನು ಈ ಕೆಲಸಕ್ಕೆಂದೇ ನಡಾವಳಿಯಲ್ಲಿ ನೇಮಿಸುವುದು ಒಳ್ಳೆಯದು. ಎಲ್ಲರ ಕೆಲಸ ಎಂದು ಬಿಟ್ಟಲ್ಲಿ ಯಾರೂ ಮಾಡುವುದಿಲ್ಲ.

ನಂತರದ ಗುಂಪಿನ ಸಭೆಯಲ್ಲಿ ಎಷ್ಟು ಜನ ನಿಂತರು, ಎಷ್ಟು ಜನ ಕೊಂಡರು, ಯಾವ ಪೊಟ್ಟಣ ಮೊದಲು ಮುಗಿಯಿತು, ಯಾವುದು ಉಳಿಯಿತು, ಜನರು ಪದೇ ಪದೇ ಕೇಳಿದ ಪ್ರಶ್ನೆ ಯಾವುದು ಎಂಬುದನ್ನು ಬರೆದಿಡಬೇಕು. ಆರು ತಿಂಗಳ ನಂತರ ಪುಸ್ತಕವನ್ನು ಮತ್ತೊಮ್ಮೆ ತೆರೆದು, ಅದರಲ್ಲಿನ ಎಷ್ಟು ಹೆಸರುಗಳಿಂದ ಖರೀದಿ ಬಂದಿದೆಯೆಂದು ಎಣಿಸಿದಲ್ಲಿ ಆ ಮೇಳದಿಂದ ಲಾಭವಾಯಿತೋ ಇಲ್ಲವೋ ಎಂಬುದು ಸ್ಪಷ್ಟವಾಗುತ್ತದೆ.

13. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಮಳಿಗೆ ಸಾಲಿನ ಕೊನೆಯಲ್ಲಿ ದೊರೆತಲ್ಲಿ ಏನು ಮಾಡಬೇಕು?
ಉತ್ತರ: ಸಂಘಟಕರ ಅನುಮತಿ ಪಡೆದು ಸಾಲಿನ ಆರಂಭದಲ್ಲಿ ಬಟ್ಟೆಯ ಸಣ್ಣ ಫಲಕ ಹಾಕಬಹುದು. ಪರಿಮಳ, ಪ್ರಾತ್ಯಕ್ಷಿಕೆ ಮತ್ತು ಉತ್ತಮ ಬೆಳಕು ದೂರದ ಮಳಿಗೆಗೂ ಜನರನ್ನು ಕರೆತರುತ್ತವೆ.

ಪ್ರಶ್ನೆ: ಮಾತನಾಡಲು ಸಂಕೋಚಪಡುವ ಸದಸ್ಯರು ಮಳಿಗೆಯಲ್ಲಿ ಇರಬಹುದೇ?
ಉತ್ತರ: ಇರಬಹುದು. ಹುರಿಯುವುದು, ಹೆಣೆಯುವುದು, ತೂಗುವುದು ಅವರಿಗೆ ವಹಿಸಿದಲ್ಲಿ ಸಂದರ್ಶಕರೇ ಪ್ರಶ್ನೆ ಕೇಳುತ್ತಾರೆ. ತಾವು ಮಾಡುವ ಕೆಲಸದ ಬಗ್ಗೆ ಉತ್ತರಿಸಲು ಹೆಚ್ಚಿನವರಿಗೆ ಸಂಕೋಚವಿರುವುದಿಲ್ಲ.

ಪ್ರಶ್ನೆ: ಕೊನೆಯ ದಿನ ಉಳಿದ ಸರಕನ್ನು ಅರ್ಧ ಬೆಲೆಗೆ ಮಾರಬಹುದೇ?
ಉತ್ತರ: ಬೇಗ ಕೆಡುವ ಪದಾರ್ಥಗಳ ಹೊರತು ಹಾಗೆ ಮಾಡದಿರುವುದು ಒಳಿತು. ಮೊದಲ ದಿನ ಪೂರ್ಣ ಬೆಲೆಗೆ ಕೊಂಡವರ ಹಾಗೂ ಸಗಟು ದರ ಕೇಳಿದವರ ವಿಶ್ವಾಸ ಕಡಿಮೆಯಾಗುತ್ತದೆ.

ಪ್ರಶ್ನೆ: ಒಂದು ಗುಂಪಿನ ಸರಕು ಕಡಿಮೆಯಿದ್ದಲ್ಲಿ?
ಉತ್ತರ: ಒಂದೇ ಬಗೆಯ ಉತ್ಪನ್ನವಿರುವ ಎರಡು ಮೂರು ಗುಂಪುಗಳು ಒಕ್ಕೂಟದ ಮೂಲಕ ಒಂದೇ ಮಳಿಗೆಗೆ ಅರ್ಜಿ ಸಲ್ಲಿಸಿ ವೆಚ್ಚ ಹಂಚಿಕೊಳ್ಳಬಹುದು. ಮಾರಾಟ ಮತ್ತು ವಿಳಾಸಗಳ ಹಂಚಿಕೆಯನ್ನು ಮೊದಲೇ ಲಿಖಿತವಾಗಿ ನಿರ್ಧರಿಸಿಕೊಳ್ಳತಕ್ಕದ್ದು.

14. ಹೊರಡುವ ಮುನ್ನ ಪರಿಶೀಲನಾ ಪಟ್ಟಿ

- ಮಂಜೂರಾತಿ ಪತ್ರ ಮತ್ತು ಗುರುತಿನ ಚೀಟಿಗಳು
- ಬಟ್ಟೆಯ ನಾಮಫಲಕ, ದರಪಟ್ಟಿ, ಅಡುಗೆ ಚೀಟಿಗಳು
- ಮುದ್ರೆಯಿರುವ ತಕ್ಕಡಿ, ರಸೀದಿ ಪುಸ್ತಕ, ಚಿಲ್ಲರೆ ಹಣ, ಕ್ಯೂಆರ್ ಫಲಕ
- ಪ್ರಾತ್ಯಕ್ಷಿಕೆಯ ಸಾಮಗ್ರಿ, ದೊನ್ನೆ, ಕಸದ ಬುಟ್ಟಿ
- ಹಗ್ಗ, ಕತ್ತರಿ, ಗುಂಡುಸೂಜಿ, ವಿದ್ಯುತ್ ತಂತಿ, ಟಾರ್ಚ್, ಮಳೆ ಬಂದಲ್ಲಿ ಹೊದಿಸಲು ಟಾರ್ಪಾಲು
- ಕುಡಿಯುವ ನೀರು, ಪ್ರಥಮ ಚಿಕಿತ್ಸಾ ಪೆಟ್ಟಿಗೆ
- ಸಂದರ್ಶಕರ ಪುಸ್ತಕ ಮತ್ತು ಎರಡು ಪೆನ್ನುಗಳು

ಸೂಚನೆ: ಪ್ರದರ್ಶನಗಳ ದಿನಾಂಕ, ಮಳಿಗೆ ಶುಲ್ಕ ಮತ್ತು ಸಹಾಯಧನದ ಪ್ರಮಾಣ ಕಾಲಕಾಲಕ್ಕೆ ಬದಲಾಗುತ್ತವೆ. ಅರ್ಜಿದಾರರು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ, ಪ್ರಕಟಣೆಯಲ್ಲಿ ಸೂಚಿಸಿದ ಕೊನೆಯ ದಿನಾಂಕದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಮಳಿಗೆ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡತಕ್ಕದ್ದಲ್ಲ. ಶುಲ್ಕವನ್ನು ಅಧಿಕೃತ ರಸೀದಿ ಪಡೆದೇ ಪಾವತಿಸತಕ್ಕದ್ದು.